ನೋಡ್ ಬಿದ್ದಾಗಲೂ ಲೆಕ್ಕ ತಾಳೆಯಾಗಬೇಕು: ಹಂಚಿದ ಡೇಟಾಬೇಸೊಂದನ್ನು ಒರೆಗೆ ಹಚ್ಚಿದ ದಾಖಲೆ

ನಮ್ಮ ಆರ್ಡರ್, ಪಾವತಿ, ಮರುಪಾವತಿ ಎಲ್ಲವೂ ಇಂದಿಗೂ ಒಂದೇ ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರ್‌ಗೆ ಹೋಗುತ್ತವೆ. ಅದರ ಹಿಂದೆ ಎರಡು ಪ್ರತಿಗಳಿವೆ, ಆದರೆ ಮುಖ್ಯ ಸರ್ವರ್ ಬರೆದುಕೊಂಡ ಮೇಲಷ್ಟೇ ಅವು ಬರೆದುಕೊಳ್ಳುತ್ತವೆ. ಮುಖ್ಯ ಸರ್ವರ್ ಹಠಾತ್ತನೆ ಕುಸಿದರೆ ಕೊನೆಯ ಕ್ಷಣಗಳ ವಹಿವಾಟು ಪ್ರತಿಗಳಿಗೆ ತಲುಪಿದೆ ಎಂದು ಯಾರೂ ಖಾತರಿ ಕೊಡಲಾರರು. ಪ್ರತಿಯೂ ಬರೆದುಕೊಳ್ಳುವವರೆಗೆ ಕಾಯುವ ಸಿಂಕ್ರೊನಸ್ ನಕಲನ್ನು ಚಾಲೂ ಮಾಡಿದರೆ ಆ ಅಂತರ ಮುಚ್ಚುತ್ತದೆ. ಬರೆಯುವ ಯಂತ್ರ ಮಾತ್ರ ಆಗಲೂ ಒಂದೇ. ನಮ್ಮ ಬರಹದ ಹೊರೆ ಆ ಒಂದು ಯಂತ್ರದ ಮಿತಿಗೆ ಹತ್ತಿರವಾಗುತ್ತಿದೆ. ಹೀಗಾಗಿ ಹಲವು ಯಂತ್ರಗಳ ಮೇಲೆ ಹರಡಿ ಒಂದೇ ಆಗಿ ಕೆಲಸ ಮಾಡುವ ಹಂಚಿದ ಡೇಟಾಬೇಸ್‌ಗಳತ್ತ ನೋಡಬೇಕಾಯಿತು.

ಇಂಥ ಡೇಟಾಬೇಸ್‌ಗಳ ಪರಿಚಯಪತ್ರದಲ್ಲಿ ಮೊದಲು ಕಾಣುವುದು ಸೆಕೆಂಡಿಗೆ ಎಷ್ಟು ವಹಿವಾಟು ಎಂಬ ಅಂಕಿ. ನನಗೆ ಬೇಕಿದ್ದ ಉತ್ತರವೇ ಬೇರೆ. ಯಂತ್ರ ಸತ್ತ, ಜಾಲ ಕಡಿದ, ಡಿಸ್ಕ್ ಮಂದವಾದ ಹೊತ್ತಿನಲ್ಲಿ ನಾವು ಗ್ರಾಹಕನಿಗೆ ‘ಆಯಿತು’ ಎಂದು ಹೇಳಿದ ಪ್ರತಿಯೊಂದು ವಹಿವಾಟೂ ಪುಸ್ತಕದಲ್ಲಿ ಇರುತ್ತದೆಯೇ? ಒಮ್ಮೆ ಮಾತ್ರ ಇರುತ್ತದೆಯೇ? ಈ ದಾಖಲೆ ಆ ಪ್ರಶ್ನೆಗಾಗಿ ಕಟ್ಟಿದ ಪರೀಕ್ಷಾ ವ್ಯವಸ್ಥೆಯದು.

ಯಾವುದನ್ನು ಆರಿಸಿದೆವು

ಕಾಕ್‌ರೋಚ್‌ಡಿಬಿ, ಯುಗಬೈಟ್‌ಡಿಬಿ, ಟೈಡಿಬಿ ಮೂರೂ ಪಟ್ಟಿಯಲ್ಲಿದ್ದವು. ಗೂಗಲ್ ತನ್ನ ಹಂಚಿದ ಡೇಟಾಬೇಸ್ ಸ್ಪ್ಯಾನರ್ ಬಗ್ಗೆ 2012ರಲ್ಲಿ ಪ್ರಕಟಿಸಿದ ಪ್ರಬಂಧದ ನೆರಳು ಮೂರರ ಮೇಲೂ ಇದೆ. ದತ್ತಾಂಶವನ್ನು ತುಂಡುಗಳಾಗಿ ಒಡೆದು, ಪ್ರತಿ ತುಂಡನ್ನೂ ಹಲವು ಯಂತ್ರಗಳಲ್ಲಿ ಇಟ್ಟು, ಆ ಪ್ರತಿಗಳು ರಾಫ್ಟ್ ಎಂಬ ಒಮ್ಮತದ ವಿಧಾನದಿಂದ ಬಹುಮತ ಪಡೆದ ಮೇಲಷ್ಟೇ ಬರಹವನ್ನು ಒಪ್ಪುವುದು ಮೂರರಲ್ಲೂ ಸಮಾನ. ಮೊದಲ ಪರೀಕ್ಷೆಗೆ ಕಾಕ್‌ರೋಚ್‌ಡಿಬಿ ತೆಗೆದುಕೊಂಡೆವು. ಅದು ಪೋಸ್ಟ್‌ಗ್ರೆಸ್‌ನ ಸಂವಹನ ನಿಯಮವನ್ನೇ ಪಾಲಿಸುವುದರಿಂದ ನಮ್ಮ ಈಗಿನ ಡ್ರೈವರ್‌ಗಳಿಂದಲೇ ಮಾತನಾಡಿಸಬಹುದು. ಜೊತೆಗೆ ಅದರ ಮೂಲ ಹೊಂದಿಕೆಯೇ ಸೀರಿಯಲೈಸಬಲ್, ಅಂದರೆ ವಹಿವಾಟುಗಳು ಒಂದಾದ ಮೇಲೊಂದು ನಡೆದಂತೆ ಕಾಣುವ ಅತ್ಯಂತ ಕಟ್ಟುನಿಟ್ಟಾದ ಪ್ರತ್ಯೇಕತೆ. ಹಣದ ಲೆಕ್ಕ ಇಡುವವರಿಗೆ ಇದು ದೊಡ್ಡ ಆಕರ್ಷಣೆ.

ಯಂತ್ರಗಳ ಜೋಡಣೆ

ಮೂರು ವಲಯ (ಒಟ್ಟಿಗೇ ಕೆಡಬಹುದಾದ ಯಂತ್ರಗಳ ಜಾಗ), ಪ್ರತಿ ವಲಯದಲ್ಲಿ ಡೇಟಾಬೇಸ್ ಓಡುವ ಮೂರು ಯಂತ್ರ, ಅಂದರೆ ನೋಡ್. ಹೊರೆ ಹಾಕುವ ಯಂತ್ರ ಈ ಒಂಬತ್ತರ ಗುಂಪಾದ ಕ್ಲಸ್ಟರ್‌ನ ಹೊರಗೆ, ಅಳತೆಗಳನ್ನು ಸಂಗ್ರಹಿಸುವ ಯಂತ್ರ ಮತ್ತೂ ಬೇರೆ. ಹೊರೆ ಹಾಕುವ ಪ್ರೋಗ್ರಾಂ ನೋಡ್‌ನೊಡನೆ ಅದೇ ಸಿಪಿಯು ಹಂಚಿಕೊಂಡರೆ ಅಳೆದದ್ದು ಯಾವುದನ್ನು ಎಂದೇ ತಿಳಿಯುವುದಿಲ್ಲ.

ವಲಯಗಳು ಮೂರೇ ಏಕೆ ಎಂದು ನಮ್ಮ ತಂಡದಲ್ಲೇ ಕೇಳಿದವರಿದ್ದರು, ನಮ್ಮ ಬಳಿ ಇದ್ದದ್ದು ಎರಡು ದತ್ತಾಂಶ ಕೇಂದ್ರಗಳಾದ್ದರಿಂದ. ಉತ್ತರ ಸರಳ ಗಣಿತ. ಮೂರು ಪ್ರತಿಗಳಲ್ಲಿ ಎರಡು ಬದುಕಿದ್ದರೆ ಬಹುಮತ ಇರುತ್ತದೆ. ಎರಡೇ ಕೇಂದ್ರಗಳಿದ್ದರೆ ಒಂದರಲ್ಲಿ ಎರಡು ಪ್ರತಿ ಇರಲೇಬೇಕು. ಆ ಕೇಂದ್ರ ಹೋದರೆ ಬಹುಮತವೂ ಹೋಯಿತು, ಬರಹ ನಿಂತಿತು. ಪ್ರತಿಗಳನ್ನು ಐದಕ್ಕೆ ಏರಿಸಿದರೂ ಇದು ಬದಲಾಗದು. ಎರಡು ಕೇಂದ್ರಗಳ ಸಂಸ್ಥೆಗೆ ಮೂರನೆಯ ಜಾಗದ ಖರ್ಚು ಈ ಯೋಜನೆಯ ಅವಿಭಾಜ್ಯ ಭಾಗ. ಈ ಮಾತನ್ನು ಮೊದಲ ಸಭೆಯಲ್ಲೇ ಹೇಳಿಬಿಡುವುದು ಒಳ್ಳೆಯದು.

ಪ್ರತಿ ನೋಡ್‌ಗೂ ಅದು ಯಾವ ವಲಯದ್ದು ಎಂದು ಪ್ರಾರಂಭದಲ್ಲೇ ಹೇಳಬೇಕು. ಹೇಳದಿದ್ದರೆ ಒಂದು ತುಂಡಿನ ಮೂರೂ ಪ್ರತಿಗಳು ಒಂದೇ ವಲಯದಲ್ಲಿ ಕೂರಬಹುದು, ಡೇಟಾಬೇಸ್‌ಗೆ ಅದು ತಪ್ಪೆಂದು ತಿಳಿಯುವ ದಾರಿಯೇ ಇರುವುದಿಲ್ಲ.

ಡೇಟಾಬೇಸ್ ಹಾಕುವ ಮೊದಲು ಬರಿಯ ಡಿಸ್ಕ್ ಅನ್ನು ಎಫ್‌ಐಒ ಉಪಕರಣದಿಂದ ಅಳೆದೆ. ದೊಡ್ಡ ಕಡತಗಳನ್ನು ಓದುವ ವೇಗ ಇಲ್ಲಿ ಅಷ್ಟು ಮುಖ್ಯವಲ್ಲ. ಚಿಕ್ಕ ಬರಹವೊಂದನ್ನು ಹಾಕಿ, ಅದು ನಿಜವಾಗಿ ಡಿಸ್ಕ್‌ಗೆ ಇಳಿಯಿತು ಎಂಬ ಉತ್ತರ ಬರಲು ಎಷ್ಟು ಹೊತ್ತು ಎಂಬುದೇ ಮುಖ್ಯ, ಏಕೆಂದರೆ ಪ್ರತಿ ಕಮಿಟ್ (ವಹಿವಾಟನ್ನು ಅಂತಿಮಗೊಳಿಸುವ ಹೆಜ್ಜೆ) ಕೂಡ ಬಹುಮತದ ಡಿಸ್ಕ್‌ಗಳಲ್ಲಿ ಆ ಉತ್ತರಕ್ಕಾಗಿ ಕಾಯುತ್ತದೆ.

ಜಾಲದ ವಿಷಯದಲ್ಲಿ ಯಾವ ಸಾಫ್ಟ್‌ವೇರ್ ಕೂಡ ದಾಟಲಾಗದ ಒಂದು ಗೋಡೆಯಿದೆ. ಫೈಬರ್‌ನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಸಾಗುತ್ತದೆ. ಕೇಂದ್ರಗಳು 1000 ಕಿಲೋಮೀಟರ್ ದೂರವಿದ್ದರೆ ಹೋಗಿ ಬರಲು ಕನಿಷ್ಠ 10 ಮಿಲಿಸೆಕೆಂಡ್. ನಿಜದ ಕೇಬಲ್‌ಗಳು ನೇರ ಗೆರೆಯಲ್ಲಿ ಇರುವುದಿಲ್ಲವಾದ್ದರಿಂದ ಇನ್ನೂ ಹೆಚ್ಚು. ಒಂದು ಆರ್ಡರ್ ಮುಗಿಯುವಷ್ಟರಲ್ಲಿ ನಮ್ಮ ಅಪ್ಲಿಕೇಶನ್ ಡೇಟಾಬೇಸ್‌ನೊಡನೆ ಹಲವು ಸಲ ಮಾತನಾಡುತ್ತದೆ. ಲಿನಕ್ಸ್‌ನ ಟಿಸಿ ಉಪಕರಣದಿಂದ ವಲಯಗಳ ನಡುವೆ ಕೃತಕ ವಿಳಂಬ ಸೇರಿಸಿದಾಗ ಈ ಹೋಗಿಬರುವಿಕೆ ಗುಣಿಸುತ್ತಾ ಬೆಳೆದದ್ದು ಸ್ಪಷ್ಟವಾಗಿ ಕಂಡಿತು. ಸಾಲುಗಳನ್ನು ಒಂದೊಂದಾಗಿ ಸೇರಿಸುವ ಬದಲು ಒಂದೇ ಹೇಳಿಕೆಯಲ್ಲಿ ಸೇರಿಸುವಂತೆ ಬದಲಾಯಿಸಿದ್ದು ಯಾವುದೇ ಹಾರ್ಡ್‌ವೇರ್‌ಗಿಂತ ಹೆಚ್ಚು ಫಲ ಕೊಟ್ಟಿತು.

ತಾಳೆ ನೋಡುವ ಪ್ರೋಗ್ರಾಂ

ಈ ಕೆಲಸದಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು ಇಲ್ಲಿಯೇ, ಮತ್ತೆ ಮಾಡುವುದಾದರೂ ಇಲ್ಲಿಯೇ ಕಳೆಯುತ್ತೇನೆ.

ವಿನ್ಯಾಸ ಜೋಡಿ ನಮೂದಿನ ಲೆಕ್ಕದ್ದು. ಪ್ರತಿ ವರ್ಗಾವಣೆಯೂ ಎರಡು ಸಾಲು: ಒಂದು ಖಾತೆಗೆ ಖರ್ಚು, ಇನ್ನೊಂದಕ್ಕೆ ಜಮಾ. ಇಡೀ ಕೋಷ್ಟಕದ ಮೊತ್ತ ಯಾವ ಕ್ಷಣದಲ್ಲಿ ನೋಡಿದರೂ ಸೊನ್ನೆ. ಹೊರೆ ಹಾಕುವ ಪ್ರತಿ ಕ್ಲೈಂಟ್ ತಾನು ಮಾಡಲಿರುವ ವರ್ಗಾವಣೆಗೆ ಒಂದು ವಿಶಿಷ್ಟ ಗುರುತು ಕೊಟ್ಟು, ಕಳುಹಿಸುವ ಮೊದಲು ಅದನ್ನು ತನ್ನದೇ ಸ್ಥಳೀಯ ಕಡತದಲ್ಲಿ ಬರೆದುಕೊಳ್ಳುತ್ತದೆ. ಉತ್ತರ ಬಂದ ಮೇಲೆ ಉತ್ತರವನ್ನೂ ಬರೆದುಕೊಳ್ಳುತ್ತದೆ. ಪರೀಕ್ಷೆ ಮುಗಿದ ಮೇಲೆ ಕಡತಗಳನ್ನೂ ಡೇಟಾಬೇಸ್ ಅನ್ನೂ ಎದುರುಬದುರು ಇಟ್ಟು ತಾಳೆ ನೋಡುವುದು.

ಉತ್ತರಗಳು ಎರಡು ಬಗೆ ಎಂದು ಭಾವಿಸುವುದು ಸಹಜ: ಆಯಿತು, ಆಗಲಿಲ್ಲ. ಹಂಚಿದ ವ್ಯವಸ್ಥೆಯಲ್ಲಿ ಮೂರನೆಯದೊಂದಿದೆ: ಗೊತ್ತಿಲ್ಲ. ಕಮಿಟ್ ಎಂದು ಕಳುಹಿಸಿದ ಮೇಲೆ, ಉತ್ತರ ಬರುವ ಮೊದಲು ಎದುರಿನ ನೋಡ್ ಸತ್ತರೆ ಆ ವಹಿವಾಟು ಉಳಿದಿರಬಹುದು, ಇಲ್ಲದೆಯೂ ಇರಬಹುದು. ಕಾಕ್‌ರೋಚ್‌ಡಿಬಿ ಇದನ್ನು ಮರೆಮಾಚದೆ, ಫಲಿತಾಂಶ ಅಸ್ಪಷ್ಟ ಎಂಬ ಅರ್ಥದ 40003 ಸಂಕೇತವನ್ನು ಕೊಡುತ್ತದೆ. ಸಂಪರ್ಕವೇ ಕಡಿದುಹೋದರೆ ಆ ಸಂಕೇತವೂ ಸಿಗುವುದಿಲ್ಲ. ಅರ್ಥ ಮಾತ್ರ ಅದೇ.

ಆದ್ದರಿಂದ ನಿಯಮಗಳು ಹೀಗೆ. ‘ಆಯಿತು’ ಎಂದದ್ದು ಡೇಟಾಬೇಸ್‌ನಲ್ಲಿ ಇರಲೇಬೇಕು. ‘ಆಗಲಿಲ್ಲ’ ಎಂದದ್ದು ಇರಲೇಬಾರದು. ‘ಗೊತ್ತಿಲ್ಲ’ ಎಂದದ್ದು ಇದ್ದರೆ ಪೂರ್ತಿ ಇರಬೇಕು, ಇಲ್ಲದಿದ್ದರೆ ಪೂರ್ತಿ ಇಲ್ಲದಿರಬೇಕು. ಜಮಾ ಇದ್ದು ಖರ್ಚು ಇಲ್ಲದ ಸ್ಥಿತಿ ಎಂದಿಗೂ ಕಾಣಬಾರದು. ಕ್ಲೈಂಟ್ ಅದನ್ನು ಅದೇ ಗುರುತಿನೊಂದಿಗೆ ಮತ್ತೆ ಕಳುಹಿಸಿದರೆ ಎರಡನೆಯ ಪ್ರತಿ ಹುಟ್ಟಬಾರದು. ಇದಕ್ಕಾಗಿ ಗುರುತಿನ ಮೇಲೆ ಅನನ್ಯತೆಯ ನಿರ್ಬಂಧ ಇಟ್ಟೆವು. ಈ ಒಂದು ನಿರ್ಬಂಧವಿಲ್ಲದೆ ಯಾವ ಹಂಚಿದ ಡೇಟಾಬೇಸ್ ಕೂಡ ಗ್ರಾಹಕನಿಗೆ ಎರಡು ಸಲ ಶುಲ್ಕ ಹಾಕುವುದನ್ನು ತಡೆಯಲಾರದು. ನಮ್ಮ ಹಳೆಯ ವ್ಯವಸ್ಥೆಯಲ್ಲೂ ಇದೇ ಅಪಾಯ ಇದೆ ಎಂಬುದು ಈ ಪ್ರೋಗ್ರಾಂ ಬರೆಯುವಾಗಲೇ ತಿಳಿಯಿತು. ಅಲ್ಲಿಯೂ ಈಗ ಆ ನಿರ್ಬಂಧ ಸೇರಿದೆ.

ಹೊರೆ ನಡೆಯುತ್ತಿರುವಾಗಲೇ ಮೊತ್ತ ಸೊನ್ನೆಯೇ ಎಂದು ನೋಡಲು ‘ಇಷ್ಟು ಸೆಕೆಂಡುಗಳ ಹಿಂದಿನ ಕ್ಷಣದಲ್ಲಿ ಕೋಷ್ಟಕ ಹೇಗಿತ್ತು’ ಎಂದು ಕೇಳುವ ಸೌಲಭ್ಯವನ್ನು ಬಳಸಿದೆವು. ಹಳೆಯ ಕ್ಷಣವನ್ನು ಓದುವುದರಿಂದ ಅದು ಈಗಿನ ಬರಹಗಳೊಡನೆ ಜಗಳಕ್ಕೆ ಇಳಿಯುವುದಿಲ್ಲ.

ಇನ್ನೊಂದು ಪರೀಕ್ಷೆ ಪ್ರತ್ಯೇಕತೆಯದು. ಗ್ರಾಹಕನಿಗೆ ಸಾಲದ ಮಿತಿ ಇದೆ. ಹೊಸ ಆರ್ಡರ್ ಬಂದಾಗ ಬಾಕಿ ಇರುವ ಆರ್ಡರ್‌ಗಳ ಮೊತ್ತ ಓದಿ, ಮಿತಿಯೊಳಗಿದ್ದರೆ ಸೇರಿಸಬೇಕು. ಎರಡು ಆರ್ಡರ್‌ಗಳು ಒಂದೇ ಹೊತ್ತಿಗೆ ಬಂದರೆ ಎರಡೂ ಹಳೆಯ ಮೊತ್ತವನ್ನೇ ಓದಿ, ಎರಡೂ ಒಪ್ಪಿಗೆ ಪಡೆದು, ಒಟ್ಟು ಮಿತಿ ದಾಟಬಹುದು. ಎರಡೂ ಬೇರೆ ಬೇರೆ ಸಾಲುಗಳಿಗೆ ಬರೆಯುವುದರಿಂದ, ಒಂದೇ ಸಾಲಿಗೆ ಬರೆಯುವ ಘರ್ಷಣೆಯನ್ನಷ್ಟೇ ನೋಡುವ ಸ್ನ್ಯಾಪ್‌ಶಾಟ್ ಮಟ್ಟದ ಪ್ರತ್ಯೇಕತೆ ಇದನ್ನು ಹಿಡಿಯುವುದಿಲ್ಲ. ಟೈಡಿಬಿಯ ಮೂಲ ಹೊಂದಿಕೆ ಈ ಮಟ್ಟದ್ದು; ಅಲ್ಲಿ ಅಪ್ಲಿಕೇಶನ್ ತಾನೇ ಗ್ರಾಹಕನ ಸಾಲಿಗೆ ಬೀಗ ಹಾಕಿಕೊಳ್ಳಬೇಕು. ಸೀರಿಯಲೈಸಬಲ್‌ನಲ್ಲಿ ಎರಡರಲ್ಲಿ ಒಂದಕ್ಕೆ 40001 ಸಂಕೇತ ಬಂದು, ಮತ್ತೆ ಮೊದಲಿನಿಂದ ಓಡಿಸು ಎಂಬ ಸೂಚನೆ ಸಿಕ್ಕಿತು.

ಈ ಕಟ್ಟುನಿಟ್ಟಿನ ಬೆಲೆಯೂ ಅಲ್ಲೇ ಇದೆ. ಪ್ರತಿ ವಹಿವಾಟನ್ನೂ ಮತ್ತೆ ಓಡಿಸಲು ಸಾಧ್ಯವಾಗುವಂತೆ ಬರೆಯಬೇಕು. ನಮ್ಮ ಕೋಡ್‌ನಲ್ಲಿ ವಹಿವಾಟಿನ ನಡುವೆಯೇ ಗ್ರಾಹಕನಿಗೆ ಇಮೇಲ್ ಕಳುಹಿಸುವ ಜಾಗಗಳಿದ್ದವು. ಮತ್ತೆ ಓಡಿಸಿದಾಗಲೆಲ್ಲ ಇನ್ನೊಂದು ಇಮೇಲ್ ಹೋಗುತ್ತದೆ. ಅವನ್ನೆಲ್ಲ ‘ಕಳುಹಿಸಬೇಕಾದವು’ ಎಂಬ ಕೋಷ್ಟಕಕ್ಕೆ ಸಾಲಾಗಿ ಸೇರಿಸಿ, ಕಮಿಟ್ ಆದ ಮೇಲೆ ಬೇರೊಂದು ಪ್ರೋಗ್ರಾಂ ಕಳುಹಿಸುವಂತೆ ತಿರುಗಿಸಿದೆವು. 2024ರ ಆವೃತ್ತಿಗಳಿಂದ, ಇದಕ್ಕಿಂತ ಸಡಿಲವಾದ ರೀಡ್ ಕಮಿಟೆಡ್ ಮಟ್ಟವೂ ಕಾಕ್‌ರೋಚ್‌ಡಿಬಿಯಲ್ಲಿ ಪೂರ್ಣವಾಗಿ ಲಭ್ಯವಿದೆ, ಅದರಲ್ಲಿ ಈ ಮರು ಓಟದ ತೊಂದರೆ ಬಹಳ ಕಡಿಮೆ. ವರದಿ ಮತ್ತು ಕ್ಯಾಟಲಾಗ್‌ನ ಕೆಲಸಕ್ಕೆ ಅದು ಸಾಕು. ಸಾಲದ ಮಿತಿಗೆ ಮಾತ್ರ ನಾನು ಅದನ್ನು ಒಪ್ಪುವುದಿಲ್ಲ.

ವೇಗದ ಅಳತೆ

ಗೋದಾಮುಗಳಿರುವ ಕಾಲ್ಪನಿಕ ವ್ಯಾಪಾರಿಯ ಆರ್ಡರ್‌ಗಳನ್ನು ಅನುಕರಿಸುವ ಟಿಪಿಸಿ-ಸಿ ಎಂಬ ಮಾನದಂಡವನ್ನು ಓಡಿಸಿದೆವು, ಅದರ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆ ಮಾನದಂಡದಲ್ಲಿ ಮನುಷ್ಯ ಟೈಪ್ ಮಾಡುವ, ಯೋಚಿಸುವ ಸಮಯವೂ ಸೇರಿರುವುದರಿಂದ ಒಂದು ಗೋದಾಮಿಗೆ ನಿಮಿಷಕ್ಕೆ 12.86 ಹೊಸ ಆರ್ಡರ್‌ಗಳೇ ಗರಿಷ್ಠ. 1000 ಗೋದಾಮುಗಳಿದ್ದರೆ 12,860. ಯಾರಾದರೂ ಕೆಲವೇ ಗೋದಾಮು ಇಟ್ಟು ದೊಡ್ಡ ಅಂಕಿ ತೋರಿಸಿದರೆ ಕಾಯುವ ಸಮಯವನ್ನು ಕಿತ್ತುಹಾಕಿದ್ದಾರೆ ಎಂದೇ ಅರ್ಥ, ಮತ್ತು ಅದು ಟಿಪಿಸಿ-ಸಿ ಆಗಿ ಉಳಿದಿಲ್ಲ.

ನಮ್ಮದೇ ಹೊರೆಯನ್ನು ಹಾಕುವಾಗ ಒಂದು ಎಚ್ಚರ ಬೇಕು. ಉತ್ತರ ಬಂದ ಮೇಲೆ ಮುಂದಿನ ಕೋರಿಕೆ ಕಳುಹಿಸುವ ಉಪಕರಣ, ಡೇಟಾಬೇಸ್ ಕೆಲವು ಸೆಕೆಂಡು ಸ್ತಬ್ಧವಾದಾಗ ತಾನೂ ಸುಮ್ಮನಿರುತ್ತದೆ. ಆ ಅವಧಿಯಲ್ಲಿ ನಿಜದ ಗ್ರಾಹಕರು ಬರುತ್ತಲೇ ಇರುತ್ತಿದ್ದರು. ಅವರು ಕಾದದ್ದು ಲೆಕ್ಕಕ್ಕೇ ಸಿಗುವುದಿಲ್ಲ. ಸಾಫ್ಟ್‌ವೇರ್ ತಜ್ಞ ಗಿಲ್ ಟೆನೆ ಅವರು ಈ ದೋಷವನ್ನು ಎತ್ತಿ ತೋರಿಸಿದ ಮೇಲೂ ಇಂದಿಗೂ ಎಷ್ಟೋ ಅಳತೆಗಳು ಹೀಗೆಯೇ ನಡೆಯುತ್ತವೆ. ನಮ್ಮ ಪ್ರೋಗ್ರಾಂ ನಿಗದಿತ ಲಯದಲ್ಲಿ ಕೋರಿಕೆ ಕಳುಹಿಸುತ್ತದೆ; ಕೋರಿಕೆ ಹೊರಡಬೇಕಿದ್ದ ಕ್ಷಣದಿಂದ ವಿಳಂಬವನ್ನು ಎಣಿಸುತ್ತದೆ. ಸರಾಸರಿಯನ್ನು ವರದಿಯಲ್ಲಿ ಹಾಕಲೇ ಇಲ್ಲ. ವಿಳಂಬದ ಏರುಕ್ರಮದಲ್ಲಿ ಜೋಡಿಸಿದಾಗ ನೂರರಲ್ಲಿ 99ನೆಯ, ಸಾವಿರದಲ್ಲಿ 999ನೆಯ ಕೋರಿಕೆ ಎಷ್ಟು ಕಾದಿತು ಎಂಬುದನ್ನು ಹಾಕಿದೆವು.

ಮೊದಲ ಓಟದಲ್ಲಿ ಒಂದು ನೋಡ್ ಬೆವರುತ್ತಿದ್ದರೆ ಉಳಿದ ಎಂಟು ಆರಾಮವಾಗಿದ್ದವು. ಕಾರಣ ಆರ್ಡರ್ ಸಂಖ್ಯೆ. ಇಲ್ಲಿ ದತ್ತಾಂಶ, ಪ್ರತಿ ಸಾಲನ್ನು ಗುರುತಿಸುವ ಕೀಲಿಯ ಕ್ರಮದಲ್ಲಿ ಜೋಡಣೆಯಾಗಿ, ಪ್ರತಿ ತುಂಡೂ ಗರಿಷ್ಠ 512 ಮೆಬಿಬೈಟ್‌ವರೆಗೆ ಬೆಳೆದು ಒಡೆಯುತ್ತದೆ. ಒಂದೊಂದೇ ಏರುವ ಸಂಖ್ಯೆ ಕೀಲಿಯಾದರೆ ಹೊಸ ಸಾಲುಗಳೆಲ್ಲ ಕೊನೆಯ ತುಂಡಿಗೇ ಬಂದು ಬೀಳುತ್ತವೆ. ಎಷ್ಟು ಒಡೆದರೂ ಬಾಲ ಬಾಲವೇ. ಪೋಸ್ಟ್‌ಗ್ರೆಸ್‌ನಲ್ಲಿ ಇದೇ ಕೀಲಿ ನಮಗೆ ವರ್ಷಗಟ್ಟಲೆ ಚೆನ್ನಾಗಿ ನಡೆದಿತ್ತು. ಕೀಲಿಯನ್ನು ಯುಯುಐಡಿ ಎಂಬ ಯಾದೃಚ್ಛಿಕ ಗುರುತಿಗೆ ಬದಲಿಸಿದ ಮೇಲೆ ಬರಹ ಎಲ್ಲ ನೋಡ್‌ಗಳಿಗೂ ಹರಡಿತು. ಆದರೆ ಸಮಯದಿಂದ ಬೇಗ ಹುಡುಕಲು ಇಟ್ಟ ಸೂಚಿಯಲ್ಲಿ ಅದೇ ಸಮಸ್ಯೆ ಮತ್ತೆ ತಲೆ ಎತ್ತಿತು. ಅದಕ್ಕೆ ಹ್ಯಾಶ್‌ನಿಂದ, ಅಂದರೆ ಕೀಲಿಯಿಂದ ಲೆಕ್ಕಹಾಕಿದ ಚದುರಿದ ಸಂಖ್ಯೆಯಿಂದ, ಹಲವು ಪಾಲುಗಳಿಗೆ ಹಂಚಿದ ಸೂಚಿ ಬೇಕಾಯಿತು. ಅದರಿಂದ ಬರಹ ಹಗುರವಾಗುತ್ತದೆ, ‘ಕಳೆದ ಒಂದು ಗಂಟೆಯ ಆರ್ಡರ್‌ಗಳು’ ಎಂಬಂಥ ಓದು ಹಲವು ಪಾಲುಗಳನ್ನು ತಡಕಬೇಕಾಗುತ್ತದೆ.

ಮುರಿಯುವ ಕೆಲಸ

ಪ್ರತಿ ಪರೀಕ್ಷೆಯೂ ಹೊರೆ ನಡೆಯುತ್ತಿರುವಾಗಲೇ. ಮೊದಲು ಒಂದು ನೋಡ್‌ನ ಪ್ರಕ್ರಿಯೆಯನ್ನು ನೇರವಾಗಿ ಕೊಂದೆವು. ಪ್ರತಿ ತುಂಡಿನ ಪ್ರತಿಗಳಲ್ಲಿ ಒಂದು ಮುಂದಾಳಾಗಿ ಕೋರಿಕೆಗಳನ್ನು ನಿಭಾಯಿಸುತ್ತದೆ, ಉಳಿದವು ಹಿಂಬಾಲಕರು. ಆ ನೋಡ್ ಮುನ್ನಡೆಸುತ್ತಿದ್ದ ತುಂಡುಗಳಿಗೆ ಹೊಸ ಮುಂದಾಳು ಬರುವವರೆಗೆ ಕೆಲವು ಸೆಕೆಂಡು ಆ ಭಾಗದ ಕೋರಿಕೆಗಳು ಕಾದವು, ಉಳಿದವು ಸಾಗಿದವು. ತಾಳೆ ಸರಿಯಾಗಿತ್ತು. ಆಮೇಲೆ ಇಡೀ ವಲಯವನ್ನೇ ಕಳಚಿದೆವು. ಆಗಲೂ ತಾಳೆ ಸರಿ.

ವಲಯ ಕಳಚಿದ ಪರೀಕ್ಷೆಯಲ್ಲಿ ಬೇರೊಂದು ಸಂಗತಿ ಎದುರಾಯಿತು. ನೋಡ್ ಕಾಣೆಯಾಗಿ 5 ನಿಮಿಷ ಕಳೆದರೆ ಡೇಟಾಬೇಸ್ ಅದನ್ನು ಸತ್ತಿದೆ ಎಂದು ತೀರ್ಮಾನಿಸಿ, ಕಳೆದ ಪ್ರತಿಗಳನ್ನು ಉಳಿದ ನೋಡ್‌ಗಳಲ್ಲಿ ಮತ್ತೆ ಕಟ್ಟಲು ತೊಡಗುತ್ತದೆ. ಒಂಬತ್ತು ನೋಡ್‌ಗಳ ದತ್ತಾಂಶ ಆರರಲ್ಲಿ ಕೂರಬೇಕು, ಅಂದರೆ ಪ್ರತಿ ನೋಡ್‌ನ ಭಾರ ಒಂದೂವರೆ ಪಟ್ಟು. ಡಿಸ್ಕ್‌ಗಳು 70 ಶೇಕಡಾ ತುಂಬಿದ್ದ ಕ್ಲಸ್ಟರ್‌ಗೆ ಇದರಿಂದ 105 ಶೇಕಡಾ ಜಾಗ ಬೇಕಾಗುತ್ತದೆ. ಒಂದು ವಲಯದ ವಿಪತ್ತು ಹೀಗೆ ಉಳಿದೆರಡನ್ನೂ ಎಳೆದುಕೊಂಡು ಹೋಗಬಲ್ಲದು. ನಮ್ಮ ಖರೀದಿಯ ಲೆಕ್ಕದಲ್ಲಿ ಡಿಸ್ಕ್ ಅರ್ಧಕ್ಕಿಂತ ಹೆಚ್ಚು ತುಂಬಬಾರದು ಎಂದು ಬರೆದದ್ದು ಈ ಕಾರಣಕ್ಕೆ.

ಸಾಯುವ ನೋಡ್‌ಗಿಂತ ಅರೆಜೀವದ ನೋಡ್ ಕಷ್ಟ. ಪ್ರಕ್ರಿಯೆಗೆ ಸಿಗ್‌ಸ್ಟಾಪ್ ಸಂಕೇತ ಕಳುಹಿಸಿ ಹೆಪ್ಪುಗಟ್ಟಿಸಿ, ಬಹುಮತ ಮುಂದೆ ಸಾಗಿದ ಮೇಲೆ ಎಬ್ಬಿಸಿದೆವು. ತಾನಿನ್ನೂ ಮುಂದಾಳು ಎಂದುಕೊಂಡು ಅದು ಹಳೆಯ ಮಾತು ಹೇಳುತ್ತದೆಯೇ ಎಂಬುದು ಪ್ರಶ್ನೆ, ಹೇಳಲಿಲ್ಲ. ಲಿನಕ್ಸ್‌ನ ಐಪಿಟೇಬಲ್ಸ್ ಉಪಕರಣದಿಂದ ಜಾಲವನ್ನು ಒಂದೇ ದಿಕ್ಕಿನಲ್ಲಿ ಕಡಿದೆವು, ಒಂದು ನೋಡ್ ಮಾತನಾಡಬಲ್ಲದು ಆದರೆ ಕೇಳಲಾರದು ಎಂಬಂತೆ. ಕೈಲ್ ಕಿಂಗ್ಸ್‌ಬರಿ ಅವರು 2013ರಿಂದ ಜೆಪ್ಸೆನ್ ಹೆಸರಿನಲ್ಲಿ ಹಲವು ಡೇಟಾಬೇಸ್‌ಗಳನ್ನು ಇಂಥ ಏಟುಗಳಿಗೆ ಒಡ್ಡಿ ವರದಿ ಬರೆದಿದ್ದಾರೆ; 2017ರಲ್ಲಿ ಕಾಕ್‌ರೋಚ್‌ಡಿಬಿಯ ಸರದಿಯೂ ಬಂದು, ಸಿಕ್ಕ ದೋಷಗಳು ಸರಿಯಾದವು. ಯಾವ ಡೇಟಾಬೇಸ್ ನೋಡುವವರೂ ಮೊದಲು ಆ ವರದಿಗಳನ್ನು ಓದಲಿ. ನಮ್ಮಂಥ ಪರೀಕ್ಷೆ ಅದಕ್ಕೆ ಬದಲಿಯಲ್ಲ.

ಹೆಚ್ಚು ಯೋಚನೆಗೆ ಹಚ್ಚಿದ್ದು ಡಿಸ್ಕ್. ಲಿನಕ್ಸ್‌ನ ಡಿವೈಸ್ ಮ್ಯಾಪರ್ ಮೂಲಕ ಒಂದು ನೋಡ್‌ನ ಡಿಸ್ಕ್‌ಗೆ ವಿಳಂಬ ಸೇರಿಸಿದೆವು. ಬರಹ 20 ಸೆಕೆಂಡಿಗಿಂತ ಹೆಚ್ಚು ಸಿಕ್ಕಿಕೊಂಡರೆ ನೋಡ್ ತಾನೇ ಕೆಳಗಿಳಿಯುವುದು ಮೂಲ ಹೊಂದಿಕೆ. ನಮ್ಮ ಡಿಸ್ಕ್ ಅಷ್ಟು ಕೆಟ್ಟಿರಲಿಲ್ಲ, ಸುಮ್ಮನೆ ಮಂದವಾಗಿತ್ತು. ಆ ನೋಡ್ ಹಿಂಬಾಲಕನಾಗಿದ್ದ ತುಂಡುಗಳಿಗೆ ಏನೂ ಆಗಲಿಲ್ಲ, ಉಳಿದಿಬ್ಬರ ಬಹುಮತ ಸಾಕಿತ್ತು. ಅದು ಮುಂದಾಳಾಗಿದ್ದ ತುಂಡುಗಳಲ್ಲಿ ಮಾತ್ರ ಎಲ್ಲ ಕೋರಿಕೆಗಳೂ ಎಳೆದಾಡಿದವು. ಸತ್ತಿಲ್ಲವಾದ್ದರಿಂದ ಯಾವ ಎಚ್ಚರಿಕೆಯೂ ಮೊಳಗಲಿಲ್ಲ. ಪ್ರತಿ ನೋಡ್‌ನ ಡಿಸ್ಕ್ ಬರಹದ ವಿಳಂಬವನ್ನು ಬೇರೆಬೇರೆಯಾಗಿ ನೋಡಿ, ಒಂದು ನೋಡ್ ಮಾತ್ರ ಹಿಂದುಳಿದರೆ ಕಾವಲಿನವರನ್ನು ಎಬ್ಬಿಸುವ ನಿಯಮವನ್ನು ನಾವೇ ಬರೆದೆವು.

ಗಡಿಯಾರದ ಪರೀಕ್ಷೆ ಕೊನೆಗೆ. ಸ್ಪ್ಯಾನರ್ ಜಿಪಿಎಸ್ ಮತ್ತು ಪರಮಾಣು ಗಡಿಯಾರಗಳನ್ನು ನಂಬುತ್ತದೆ. ಟೈಡಿಬಿ ಒಂದೇ ಕೇಂದ್ರೀಯ ಸೇವೆಯಿಂದ ಸಮಯದ ಮುದ್ರೆ ಕೊಡಿಸುತ್ತದೆ. ಕಾಕ್‌ರೋಚ್‌ಡಿಬಿ ಸಾಮಾನ್ಯ ಯಂತ್ರಗಳ ಗಡಿಯಾರಗಳು 500 ಮಿಲಿಸೆಕೆಂಡಿಗಿಂತ ಹೆಚ್ಚು ಚದುರುವುದಿಲ್ಲ ಎಂಬ ಎಣಿಕೆಯ ಮೇಲೆ ನಡೆಯುತ್ತದೆ. ಗಡಿಯಾರವನ್ನು ಸರಿಹೊಂದಿಸುವ ಕ್ರೋನಿ ಸೇವೆಯನ್ನು ಒಂದು ಯಂತ್ರದಲ್ಲಿ ನಿಲ್ಲಿಸಿ ಗಡಿಯಾರ ತಳ್ಳಿದೆವು. ಆ ಮಿತಿಯ 80 ಶೇಕಡಾ, ಅಂದರೆ 400 ಮಿಲಿಸೆಕೆಂಡ್ ದಾಟಿದಾಗ ನೋಡ್ ತಾನೇ ನಿಂತಿತು. ಇದು ಸರಿಯಾದ ನಡವಳಿಕೆ. ಗಡಿಯಾರ ಸೇವೆಯ ಮೇಲ್ವಿಚಾರಣೆ ಇನ್ನು ಮುಂದೆ ಡೇಟಾಬೇಸ್ ನೋಡಿಕೊಳ್ಳುವವರ ಜವಾಬ್ದಾರಿ, ಮತ್ತು ಎಲ್ಲ ಯಂತ್ರಗಳೂ ಒಂದೇ ಮೂಲದಿಂದ ಸಮಯ ಪಡೆಯಬೇಕು. ಭೂಮಿಯ ತಿರುಗುವಿಕೆಗೆ ಹೊಂದಿಸಲು ಆಗೊಮ್ಮೆ ಸೇರಿಸುವ ಅಧಿಕ ಸೆಕೆಂಡನ್ನು ಹರಡಿ ಕೊಡುವ ಮೂಲವನ್ನೂ ಹಾಗೆ ಮಾಡದ ಮೂಲವನ್ನೂ ಬೆರೆಸಬಾರದು.

ಮರುಸ್ಥಾಪನೆ

ಮೂರು ಪ್ರತಿಗಳಿವೆ, ಬ್ಯಾಕಪ್ ಏಕೆ ಎಂಬ ಮಾತು ನಮ್ಮಲ್ಲೂ ಕೇಳಿಬಂತು. ತಪ್ಪಾದ ಅಳಿಸುವಿಕೆಯ ಆದೇಶವನ್ನು ಮೂರೂ ಪ್ರತಿಗಳು ಅಷ್ಟೇ ನಿಷ್ಠೆಯಿಂದ ಪಾಲಿಸುತ್ತವೆ. ಹೊರೆ ನಡೆಯುತ್ತಿರುವಾಗ ಕ್ಲಸ್ಟರ್‌ನ ಹೊರಗಿನ ಸಂಗ್ರಹಕ್ಕೆ ಬ್ಯಾಕಪ್ ತೆಗೆದು, ಖಾಲಿ ಯಂತ್ರಗಳಲ್ಲಿ ಹೊಸ ಕ್ಲಸ್ಟರ್ ಕಟ್ಟಿ, ಅಲ್ಲಿ ಮರುಸ್ಥಾಪಿಸಿ, ಅದೇ ತಾಳೆ ಪ್ರೋಗ್ರಾಂ ಓಡಿಸಿದೆವು. ಬ್ಯಾಕಪ್ ಒಂದು ನಿರ್ದಿಷ್ಟ ಕ್ಷಣದ ಚಿತ್ರವಾದ್ದರಿಂದ ಮೊತ್ತ ಸೊನ್ನೆಯೇ ಬಂದಿತು. ಆ ಕ್ಷಣದ ನಂತರದ ವರ್ಗಾವಣೆಗಳು, ನಿರೀಕ್ಷಿಸಿದಂತೆ, ಇರಲಿಲ್ಲ. ಕೊನೆಯ ಬ್ಯಾಕಪ್‌ನಿಂದ ವಿಪತ್ತಿನವರೆಗಿನ ವಹಿವಾಟನ್ನು ಎಲ್ಲಿಂದ ತುಂಬುವುದು ಎಂಬುದಕ್ಕೆ ವ್ಯಾಪಾರದ ಕಡೆಯವರೇ ಉತ್ತರಿಸಬೇಕು. ಪಾವತಿ ಸಂಸ್ಥೆಯ ದಿನದ ಪಟ್ಟಿಯಿಂದ ಮರಳಿ ಕಟ್ಟಬಹುದು ಎಂದು ಅವರು ಹೇಳಿದ್ದನ್ನು ಬರಹದಲ್ಲಿ ತೆಗೆದುಕೊಂಡಿದ್ದೇವೆ.

ಪರವಾನಗಿಯ ವಿಷಯವನ್ನು ತಂತ್ರಜ್ಞರು ಕೊನೆಗೆ ತಳ್ಳುತ್ತಾರೆ, ತಳ್ಳಬಾರದು. 2024ರ ನವೆಂಬರ್‌ನಿಂದ ಕಾಕ್‌ರೋಚ್‌ಡಿಬಿಯ ಹಿಂದಿನ ಉಚಿತ ‘ಕೋರ್’ ಆವೃತ್ತಿ ನಿಂತಿದೆ. ವಾರ್ಷಿಕ ಆದಾಯ 1 ಕೋಟಿ ಡಾಲರ್ ಮೀರಿದ ಸಂಸ್ಥೆಗಳು ಹೊಸ ಆವೃತ್ತಿಗಳನ್ನು ಸ್ವಂತ ಯಂತ್ರಗಳಲ್ಲಿ ನಡೆಸಲು ಹಣ ಕೊಡಬೇಕು. ಯುಗಬೈಟ್‌ಡಿಬಿ ಮತ್ತು ಟೈಡಿಬಿಯ ಮೂಲ ಡೇಟಾಬೇಸ್‌ಗಳು ಅಪಾಚೆ 2.0 ಪರವಾನಗಿಯಲ್ಲಿವೆ. ಆದ್ದರಿಂದ ತಾಂತ್ರಿಕವಾಗಿ ಒಪ್ಪಿಗೆಯಾದ ಮೇಲೂ ನಾವು ಸಹಿ ಹಾಕಿಲ್ಲ. ಇದೇ ಪರೀಕ್ಷಾ ವ್ಯವಸ್ಥೆಯನ್ನು ಯುಗಬೈಟ್‌ಡಿಬಿಯ ಮೇಲೂ ಓಡಿಸುತ್ತೇವೆ. ಅದೂ ಪೋಸ್ಟ್‌ಗ್ರೆಸ್ ಭಾಷೆಯನ್ನೇ ಆಡುವುದರಿಂದ ತಾಳೆ ಪ್ರೋಗ್ರಾಂ ಹೆಚ್ಚು ಬದಲಾಗಬೇಕಿಲ್ಲ.

ಯಾವುದು ಗೆದ್ದರೂ ಅದಕ್ಕೆ ಮೊದಲು ಸಾಗುವುದು ಪಾವತಿಯ ಖಾತೆ ಪುಸ್ತಕ ಮಾತ್ರ. ಕ್ಯಾಟಲಾಗ್ ಮತ್ತು ಗ್ರಾಹಕರ ವಿವರ ಪೋಸ್ಟ್‌ಗ್ರೆಸ್‌ನಲ್ಲೇ ಉಳಿಯುತ್ತವೆ. ಅವುಗಳ ಬರಹ ಕಡಿಮೆ, ಒಂದು ಯಂತ್ರ ಇನ್ನೂ ಬಹುಕಾಲ ಹೊರಬಲ್ಲದು. ತಾಳೆ ಪ್ರೋಗ್ರಾಂ ಅನ್ನು ಕಳಚಿಡುವುದಿಲ್ಲ: ನಿಜದ ಕ್ಲಸ್ಟರ್‌ನಲ್ಲೂ ಪರೀಕ್ಷಾ ಖಾತೆಗಳ ಮೇಲೆ ಅದು ಸಣ್ಣ ಲಯದಲ್ಲಿ ಓಡುತ್ತಿರುತ್ತದೆ, ಮೊತ್ತ ಸೊನ್ನೆಯಿಂದ ಕದಲಿದರೆ ಬರಹವನ್ನು ನಿಲ್ಲಿಸುವ ಅಧಿಕಾರದೊಂದಿಗೆ.